ಏರ್ ಪಿಸ್ತೂಲಿನ ನಳಿಕೆಯನ್ನು ಮನೆಯಲ್ಲೇ ಒರೆಸುವುದು ಹೇಗೆ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದಿದ್ದನ್ನು ನೋಡಿ ಬೆಂಗಳೂರಿನಲ್ಲೂ ಎಷ್ಟೋ ಮಕ್ಕಳು ಶೂಟಿಂಗ್ ರೇಂಜ್ ಮೆಟ್ಟಿಲು ಹತ್ತಿದರು. ಅಪ್ಪ ಅಮ್ಮ ಸಾಲ ಮಾಡಿಯಾದರೂ ಒಳ್ಳೆಯ ಪಿಸ್ತೂಲ್ ಕೊಡಿಸುತ್ತಾರೆ. ಅದನ್ನು ಒರೆಸುವುದು ಹೇಗೆ ಅಂತ ಮಾತ್ರ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಸಿಕ್ಕ ಕಬ್ಬಿಣದ ಕಡ್ಡಿಗೆ ಬಟ್ಟೆ ಸುತ್ತಿ, ನಳಿಕೆಯ ಬಾಯಿಯಿಂದ ಒಳಕ್ಕೆ ತಳ್ಳುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಮೊದಲು ಪಿಸ್ತೂಲ್ ಖಾಲಿ ಇದೆಯೇ ನೋಡಿ. ಮೇಲಿನ ಮುಚ್ಚಳ ತೆಗೆದು, ಒಳಗೆ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಇಲ್ಲ ಅಂತ ಕಣ್ಣಾರೆ ಕಾಣಬೇಕು. ಗಾಳಿ ತುಂಬಿದ ಸಿಲಿಂಡರ್ ಬಿಚ್ಚಿದರೂ ಒಂದೆರಡು ಹೊಡೆತಕ್ಕಾಗುವಷ್ಟು ಗಾಳಿ ಒಳಗೇ ಉಳಿದಿರುತ್ತದೆ. ಬಿಚ್ಚಿದ್ದೀನಲ್ವಾ ಅಂತ ಸುಮ್ನೆ ಟ್ರಿಗರ್ ಒತ್ತಬೇಡಿ.

ಬೇಕಾದ ಸಾಮಾನು ಸ್ವಲ್ಪವೇ. ಸುಮಾರು 1 ಮಿ.ಮೀ. ದಪ್ಪದ, ಮೀನು ಹಿಡಿಯುವ ನೈಲಾನ್ ದಾರ ಒಂದೂವರೆ ಮೀಟರ್. ಒಗೆದು ಒಣಗಿಸಿದ ಹಳೆಯ ಹತ್ತಿ ಬನಿಯನ್. ಗನ್ ಆಯಿಲ್ ಒಂದು ಬಾಟಲಿ.

ಈಗ ಕಷ್ಟದ ಭಾಗ. ದಾರವನ್ನು ಎರಡಾಗಿ ಮಡಚಿ. ಬಿಡಿ ತುದಿಗಳೆರಡನ್ನೂ ಹಿಂಬದಿಯಿಂದ, ಅಂದರೆ ಪೆಲೆಟ್ ಇಡುವ ಕಡೆಯಿಂದ ತೂರಿಸಿ ನಳಿಕೆಯ ಬಾಯಿಯಲ್ಲಿ ಹೊರತನ್ನಿ. ಮಡಚಿದ ಕುಣಿಕೆ ಹಿಂದೆಯೇ ಉಳಿಯುತ್ತದೆ. ಬನಿಯನ್ ಬಟ್ಟೆಯ ಸಣ್ಣ ಪಟ್ಟಿಯೊಂದನ್ನು ಕುಣಿಕೆಗೆ ಸಿಕ್ಕಿಸಿ. ಆ ಪಟ್ಟಿಗೆ ಹಿಂದಿನಿಂದ ಇನ್ನೊಂದು ತೆಳು ದಾರ ಕಟ್ಟಿಡಿ. ಬಟ್ಟೆ ನಡುವೆ ಸಿಕ್ಕಿಕೊಂಡರೆ ವಾಪಸ್ ಎಳೆಯಲು ಅದೊಂದೇ ದಾರಿ. ಈಗ ಬಾಯಿಯ ಕಡೆಯಿಂದ ಒಂದೇ ಸಮನೆ ಎಳೆಯಿರಿ. ಬಿಗಿಯಾಗಿ ಬರಬೇಕು, ಆದರೆ ಜಗ್ಗಾಡುವ ಹಾಗಾಗಬಾರದು. ತುಂಬಾ ಬಿಗಿಯಾದರೆ ಪಟ್ಟಿಯನ್ನು ಕಿರಿದು ಮಾಡಿ, ಬಲ ಹಾಕಬೇಡಿ.

ಎಳೆಯುವಾಗ ದಾರ ನಳಿಕೆಯ ನೇರಕ್ಕೇ ಇರಬೇಕು. ಕೆಳಕ್ಕೋ ಪಕ್ಕಕ್ಕೋ ಜಗ್ಗಿದರೆ ಅದು ಬಾಯಿಯ ಅಂಚಿಗೆ ಉಜ್ಜುತ್ತದೆ. ದಾರಕ್ಕೆ ಅಂಟಿದ ಧೂಳು ಮರಳು ಕಾಗದದಂತೆ ಕೆಲಸ ಮಾಡುತ್ತದೆ. ಪೆಲೆಟ್ ಕೊನೆಯದಾಗಿ ತಾಗುವುದು ಆ ಅಂಚನ್ನೇ. ಅಂಚು ಒಂದು ಕಡೆ ಸವೆದರೆ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಪೆಲೆಟ್ಟಿನ ಬಾಲವನ್ನು ತಳ್ಳುತ್ತದೆ. ಗುರಿ ಹಲಗೆಯಲ್ಲಿ 10 ಅಂಕದ ವೃತ್ತದ ಅಗಲ ಬರೀ 11.5 ಮಿ.ಮೀ. ಅಂಚು ಹಾಳಾದ ಪಿಸ್ತೂಲಿನಲ್ಲಿ ಮಗು ಎಷ್ಟು ಅಭ್ಯಾಸ ಮಾಡಿದರೂ ಹೊಡೆತಗಳು ಒಂದೆಡೆ ಕೂರುವುದಿಲ್ಲ. ಬೈಗುಳ ಮಾತ್ರ ಮಗುವಿಗೇ. ಕಬ್ಬಿಣದ ಕಡ್ಡಿ, ಹಿತ್ತಾಳೆ ಬ್ರಷ್ ಬೇಡವೇ ಬೇಡ ಅನ್ನುವುದು ಇದಕ್ಕೇ.

ಮೊದಲ ಪಟ್ಟಿಗೆ ಒಂದೇ ಹನಿ ಎಣ್ಣೆ. ಅದು ಸೀಸದ ಕಪ್ಪು ಬಳಿದುಕೊಂಡು ಬರುತ್ತದೆ. ಆಮೇಲೆ ಒಣ ಪಟ್ಟಿಗಳನ್ನು ಒಂದೊಂದಾಗಿ ಎಳೆಯಿರಿ, ಬೂದು ಬಣ್ಣ ತಿಳಿಯಾಗುವವರೆಗೆ. ಒಮ್ಮೆ ಬಳಸಿದ ಪಟ್ಟಿಯನ್ನು ಮತ್ತೆ ತೂರಿಸಬೇಡಿ. ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಎರಡೂ ಬೇಡ. ಸ್ಪ್ರೇ ಎಲ್ಲೆಲ್ಲಿಗೋ ಹರಿದು ರಬ್ಬರ್ ಸೀಲಿಗೆ ತಾಗುತ್ತದೆ. ಇನ್ನು ಸಿಲಿಂಡರಿನ ಬಾಯಿಗಂತೂ ಯಾವ ಎಣ್ಣೆಯೂ ಸೋಕಬಾರದು. ಅದರೊಳಗೆ 200 ಬಾರ್ ಒತ್ತಡದ ಗಾಳಿ ಇರುತ್ತದೆ. ಅಷ್ಟು ಒತ್ತಡದಲ್ಲಿ ಎಣ್ಣೆ ಹೊತ್ತಿಕೊಳ್ಳಬಹುದು.

ನಳಿಕೆ ಒರೆಸಲೆಂದೇ ಇರುವ, ಒತ್ತಿದ ಉಣ್ಣೆಯ ಫೆಲ್ಟ್ ಪೆಲೆಟ್ ಹೊಡೆದರೆ ಸಾಕು, ಇಷ್ಟೆಲ್ಲ ಯಾಕೆ ಅನ್ನುವವರಿದ್ದಾರೆ. ಸಿಲಿಂಡರ್ ಪಿಸ್ತೂಲಿಗೆ ಪರವಾಗಿಲ್ಲ, ಪ್ರತಿ ಅಭ್ಯಾಸದ ನಂತರ ಹೊಡೆಯಬಹುದು. ಸ್ಪ್ರಿಂಗ್ ಪಿಸ್ಟನ್ನನ್ನು ತಳ್ಳಿ ಗಾಳಿ ಒತ್ತುವ ಸ್ಪ್ರಿಂಗ್ ಏರ್ ಗನ್ನಿಗೆ ಖಂಡಿತ ಬೇಡ. ಫೆಲ್ಟ್ ತೀರಾ ಹಗುರ, ಎದುರೊತ್ತಡ ಸಿಗದೆ ಪಿಸ್ಟನ್ ಹೋಗಿ ಬಡಿಯುತ್ತದೆ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದರೆ, ನನ್ನ ಮಾತು ಇಷ್ಟೇ: 500 ಪೆಲೆಟ್ಟಿನ ಡಬ್ಬ ಖಾಲಿಯಾದಾಗ ಒಮ್ಮೆ. ಜಾಸ್ತಿ ಒರೆಸಿದರೂ ಕೇಡೇ. ಒರೆಸಿದ ಮೇಲೆ ಮೊದಲ ಹತ್ತಿಪ್ಪತ್ತು ಹೊಡೆತ ಅತ್ತಿತ್ತ ಹೋಗುತ್ತವೆ. ಹಾಗಾಗಿ ಪಂದ್ಯದ ಹಿಂದಿನ ರಾತ್ರಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಆಯುಧ ಪೂಜೆಗೆ ಪಿಸ್ತೂಲನ್ನೂ ಇಡುವ ಮನೆಗಳಿವೆ. ಇಡಿ, ಒಳ್ಳೆಯದೇ. ಕುಂಕುಮವನ್ನು ಪೆಟ್ಟಿಗೆಗೆ ಹಚ್ಚಿ, ನಳಿಕೆಗಲ್ಲ. ನಿಂಬೆಹಣ್ಣಿನ ರಸ ಬಿದ್ದರೆ ತಕ್ಷಣ ಒರೆಸಿಬಿಡಿ, ಅದರ ಹುಳಿ ಲೋಹಕ್ಕೆ ಆಗುವುದಿಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಯ ಸ್ಪಂಜು ತೇವ ಹಿಡಿದಿಡುತ್ತದೆ, ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಕೊಳೆಯಾದ ಪಟ್ಟಿಗಳನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಅದರಲ್ಲಿರುವುದು ಸೀಸ, ಅದು ಮಕ್ಕಳ ಮೆದುಳಿಗೆ ವಿಷ. ಊಟದ ಮೇಜಿನ ಮೇಲೆ ಈ ಕೆಲಸ ಮಾಡಬೇಡಿ. ಮುಗಿದ ಕೂಡಲೇ ಸೋಪು ಹಾಕಿ, ಉಗುರಿನ ಸಂದಿಯನ್ನೂ ಬಿಡದೆ ಕೈ ತೊಳೆಯಿರಿ. ಮಗು ಒರೆಸಿದ್ದರೆ ನೀವೇ ಪಕ್ಕದಲ್ಲಿ ನಿಂತು ತೊಳೆಸಿ.