ಒಂದು ಸ್ಕ್ಯಾನ್, ಎರಡು ಸಾಲು

ಬೆಂಗಳೂರಿನ ಅವೆನ್ಯೂ ರಸ್ತೆಯ ಒಂದು ಗಲ್ಲಿಯಲ್ಲಿ ನಮ್ಮ ಮಾವನದೊಂದು ನೋಟ್‌ಬುಕ್, ಪೆನ್ನುಗಳ ಅಂಗಡಿ ಇದೆ. ಹೋದ ಮೇ ತಿಂಗಳಲ್ಲಿ, ಶಾಲೆಗಳು ಶುರುವಾಗುವ ಮೊದಲು, ಅವರಿಗೆ ಒಂದು ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಟ್ಟೆ. ಪೈಥಾನ್ ಭಾಷೆ, ಅದರಲ್ಲಿ ವಿಂಡೋ, ಬಟನ್ ಮಾಡಿಕೊಡುವ ಟಿಕಿಂಟರ್, ಅಷ್ಟೇ. ವಿಜಯನಗರದ ಮನೆಯಲ್ಲಿ, ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಅಂಗಡಿಯಲ್ಲಿರುವುದು ಉಬುಂಟು ಲಿನಕ್ಸ್ ಹಾಕಿದ ಹಳೇ ಡೆಸ್ಕ್‌ಟಾಪ್. ಅಲ್ಲಿ ಕೂರಿಸಿದ ಮೊದಲ ದಿನವೇ ನನ್ನ ಮಾನ ಹೋಯಿತು.

ಮೊದಲು ಕಾಣೆಯಾಗಿದ್ದು 'ಒಟ್ಟು' ಅನ್ನುವ ಸಾಲು. ಬಿಲ್ಲಿಂಗ್ ಸ್ಕ್ರೀನ್‌ನಲ್ಲಿ ಒಟ್ಟು ಮೊತ್ತವೇ ಕಾಣದಿದ್ದರೆ ಇನ್ನೇನು ಉಳಿಯಿತು? ನನ್ನದು 1080 ಪಿಕ್ಸೆಲ್ ಎತ್ತರದ ಸ್ಕ್ರೀನ್, ಅಂಗಡಿಯದು 768. ನಾನು ಮೇಲೆ ಫಾರ್ಮ್, ಆಮೇಲೆ 30 ಸಾಲಿನ ಟೇಬಲ್, ಕೊನೆಗೆ ಕೆಳಗಿನ ಪಟ್ಟಿ, ಹೀಗೆ ಕಣ್ಣಿಗೆ ಕಾಣುವ ಕ್ರಮದಲ್ಲೇ ಪ್ಯಾಕ್ ಮಾಡಿದ್ದೆ, ಅಂದರೆ ವಿಂಡೋದಲ್ಲಿ ಒಂದೊಂದಾಗಿ ಜೋಡಿಸಿದ್ದೆ. ಪ್ಯಾಕ್ ಜಾಗ ಹಂಚುವುದು ನಾವು ಕರೆದ ಕ್ರಮದಲ್ಲಿ. ಮೊದಲು ಬಂದವರು ಕೈಕಾಲು ಚಾಚಿ ಕೂರುತ್ತಾರೆ, ಕೊನೆಗೆ ಬಂದವರು ಬಾಗಿಲ ಹೊರಗೆ. ಹಾಗಾಗಿ ಮೊತ್ತದ ಪಟ್ಟಿಯನ್ನು ಸೈಡ್ ಬಾಟಮ್ (ಕೆಳಗಿನ ಅಂಚಿಗೆ) ಅಂತ ಹೇಳಿ ಟೇಬಲ್‌ಗಿಂತ ಮೊದಲೇ ಪ್ಯಾಕ್ ಮಾಡಿದೆ, ಉಳಿದ ಜಾಗ ತುಂಬಿಕೊಳ್ಳಲಿ ಅಂತ ಟೇಬಲ್‌ಗೆ ಫಿಲ್ ಮತ್ತು ಎಕ್ಸ್‌ಪ್ಯಾಂಡ್ ಕೊಟ್ಟು ಕೊನೆಗೆ ಹಾಕಿದೆ. ಈಗ ಜಾಗ ಕಮ್ಮಿಯಾದರೆ ಟೇಬಲ್ ಕುಗ್ಗುತ್ತದೆ, ಮೊತ್ತ ಹಾಗೇ ಇರುತ್ತದೆ. ಕ್ರಮ ಬದಲಾಯಿಸಿದರೆ ಟ್ಯಾಬ್ ಕೀ ಒತ್ತಿದಾಗ ಫೋಕಸ್ (ಟೈಪ್ ಮಾಡಿದ್ದು ಬೀಳುವ ಜಾಗ) ಅಡ್ಡಾದಿಡ್ಡಿ ಓಡುತ್ತದೇನೋ ಅಂತ ಹೆದರಿದ್ದೆ. ಇಲ್ಲ, ಟ್ಯಾಬ್ ನಡೆಯುವುದು ವಿಜೆಟ್‌ಗಳನ್ನು, ಅಂದರೆ ಬಾಕ್ಸ್, ಬಟನ್‌ನಂಥ ತುಣುಕುಗಳನ್ನು, ಸೃಷ್ಟಿಸಿದ ಕ್ರಮದಲ್ಲಿ. ಪ್ಯಾಕ್ ಮಾಡಿದ ಕ್ರಮಕ್ಕೂ ಅದಕ್ಕೂ ಸಂಬಂಧವಿಲ್ಲ.

ಫಾರ್ಮ್ ಒಳಗೆ ಸಾಲು, ಕಾಲಮ್‌ಗಳ ಕೋಣೆಗಳಲ್ಲಿ ಜೋಡಿಸುವ ಗ್ರಿಡ್ ಬಳಸಿದ್ದೆ. ಅಲ್ಲಿ ಟೈಪ್ ಮಾಡುವ ಎಂಟ್ರಿ ಬಾಕ್ಸ್ ಅಗಲವಾಗುತ್ತಲೇ ಇರಲಿಲ್ಲ. ಸ್ಟಿಕಿ ಕೊಟ್ಟಿದ್ದೇನಲ್ಲ ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಸ್ಟಿಕಿ ಹೇಳುವುದು ಕೋಣೆಯೊಳಗೆ ವಿಜೆಟ್ ಎಷ್ಟು ಹರಡಿಕೊಳ್ಳಬೇಕು ಅಂತ ಮಾತ್ರ. ಕೋಣೆಯೇ ದೊಡ್ಡದಾಗಬೇಕಾದರೆ ಅದನ್ನು ಹೊತ್ತ ಪೇರೆಂಟ್‌ಗೆ ಕಾಲಮ್‌ಕಾನ್ಫಿಗರ್‌ನಲ್ಲಿ ವೆಯ್ಟ್, ಅಂದರೆ ಮಿಕ್ಕ ಜಾಗದಲ್ಲಿ ಪಾಲು, ಕೊಡಬೇಕು. ಡಿಫಾಲ್ಟ್ ಆಗಿ ಅದು 0. ಇಂಥದ್ದನ್ನು ಹುಡುಕಲು ನನ್ನ ಉಪಾಯ ತುಂಬಾ ಸುಲಭದ್ದು. ವಿಜೆಟ್‌ಗಳನ್ನು ಗುಂಪಾಗಿ ಇಡುವ ಪ್ರತಿ ಫ್ರೇಮ್‌ಗೂ ಒಂದೊಂದು ಗಾಢ ಬಣ್ಣ ಹಚ್ಚುವುದು. ಕೆಂಪು, ಹಳದಿ, ಹಸಿರು ರಂಗೋಲಿ ಹಾಕಿದ ಹಾಗೆ ಸ್ಕ್ರೀನ್ ತುಂಬಿದ ತಕ್ಷಣ ಯಾರು ಎಲ್ಲಿಯವರೆಗೆ ಕೂತಿದ್ದಾರೆ ಅಂತ ಗೊತ್ತಾಗುತ್ತದೆ. ಟಿಕಿಂಟರ್‌ನ ಹೊಸ ಶೈಲಿಯ ಟಿಟಿಕೆ ಫ್ರೇಮ್‌ಗೆ ಬಣ್ಣವನ್ನು ನೇರವಾಗಿ ಕೊಟ್ಟರೆ ಎರರ್ ಬರುತ್ತದೆ, ಅದಕ್ಕೇ ಹುಡುಕುವಾಗ ಮಾತ್ರ ಹಳೇ ಫ್ರೇಮ್ ಹಾಕಿಕೊಳ್ಳುತ್ತೇನೆ.

ಇದೆಲ್ಲ ಒಂದು ಸಂಜೆಯ ಕೆಲಸ. ನಿದ್ದೆ ಕೆಡಿಸಿದ್ದು ಬಾರ್‌ಕೋಡ್ ಸ್ಕ್ಯಾನರ್.

ಒಂದು ಪೆನ್ ಸ್ಕ್ಯಾನ್ ಮಾಡಿದರೆ ಬಿಲ್ಲಿನಲ್ಲಿ ಎರಡು ಪೆನ್! ಸ್ಕ್ಯಾನರ್ ಕೆಟ್ಟಿದೆ ಅಂತ ಅದರ ಮೇಲೇ ಹೊರಿಸಿದೆ. ಎಸ್‌.ಪಿ. ರಸ್ತೆ ಪಕ್ಕದಲ್ಲೇ ಇದೆಯಲ್ಲ, ಹೋಗಿ ಇನ್ನೊಂದು ತಂದೆ. ಅದೂ ಎರಡೆರಡು. ಆಗ ಬುದ್ಧಿ ಬಂತು. ಒಂದು ಖಾಲಿ ಟೆಕ್ಸ್ಟ್ ಎಡಿಟರ್ ತೆರೆದು ಸ್ಕ್ಯಾನ್ ಮಾಡಿದೆ. ಒಂದೇ ಸಾಲು ಬಂತು. ಸ್ಕ್ಯಾನರ್ ಅಂದರೆ ಕಂಪ್ಯೂಟರ್ ಕಣ್ಣಿಗೆ ಒಂದು ಕೀಬೋರ್ಡ್ ಅಷ್ಟೇ. ಅಂಕಿಗಳನ್ನು ಟೈಪ್ ಮಾಡಿ ಕೊನೆಗೆ ಎಂಟರ್ ಒತ್ತುತ್ತದೆ. ತಪ್ಪು ನನ್ನದೇ.

ಹಿಂದಿನ ರಾತ್ರಿ ಒಂದು ಸಾಲು ಸೇರಿಸಿದ್ದೆ. ಫೋಕಸ್ ಎಲ್ಲೇ ಇದ್ದರೂ ಎಂಟರ್ ಕೆಲಸ ಮಾಡಲಿ ಅಂತ, ಎಂಟ್ರಿಗೆ ಮೊದಲೇ ಕಟ್ಟಿದ್ದ ಫಂಕ್ಷನ್ ಅನ್ನೇ ಮುಖ್ಯ ವಿಂಡೋಗೂ ಬೈಂಡ್ ಮಾಡಿದ್ದೆ, ಅಂದರೆ ಕಟ್ಟಿದ್ದೆ. ಟಿಕಿಂಟರ್‌ನ ಒಳಗಿರುವ ಟಿಕೆಯಲ್ಲಿ ಒಂದು ಕೀ ಒತ್ತಿದರೆ ಅದು ಬೈಂಡ್‌ಟ್ಯಾಗ್ಸ್ ಅನ್ನುವ ಪಟ್ಟಿಯಲ್ಲಿ ಒಬ್ಬೊಬ್ಬರ ಬಳಿ ಹೋಗುತ್ತದೆ: ಮೊದಲು ಆ ವಿಜೆಟ್, ಆಮೇಲೆ ಅದರ ಕ್ಲಾಸ್ (ಅದು ಯಾವ ಬಗೆಯದೋ ಅದು), ಆಮೇಲೆ ಮುಖ್ಯ ವಿಂಡೋ, ಕೊನೆಗೆ ಎಲ್ಲಕ್ಕೂ ಸೇರಿದ 'ಆಲ್'. ಬ್ರೌಸರ್‌ಗೆ ಪ್ರೋಗ್ರಾಮ್ ಬರೆದವರು ಕೀ ನಡುವಿನ ಫ್ರೇಮ್‌ಗಳಿಗೂ ಹೋಗುತ್ತದೆ ಅಂದುಕೊಳ್ಳುತ್ತಾರೆ, ಹೋಗುವುದಿಲ್ಲ. ನನ್ನ ಫಂಕ್ಷನ್ ಮೊದಲನೆಯವರ ಬಳಿಯೂ ಇತ್ತು, ಮೂರನೆಯವರ ಬಳಿಯೂ ಇತ್ತು. ಬಾರ್‌ಕೋಡ್ ಅಂಕಿ ಕಣ್ಣಿಗೆ ಕಾಣುತ್ತಿರಲಿ ಅಂತ ಬಾಕ್ಸ್ ಅಳಿಸದೆ ಸುಮ್ನೆ ಸೆಲೆಕ್ಟ್ ಮಾಡಿ ಬಿಡುತ್ತಿದ್ದೆ. ಹಾಗಾಗಿ ಎರಡನೇ ಸಲವೂ ಅದೇ ಪೆನ್ ಸಿಕ್ಕಿತು. ಅಳಿಸಿದ್ದರೆ ಈ ತಪ್ಪು ಕಾಣುತ್ತಲೇ ಇರಲಿಲ್ಲವೇನೋ.

ಫಂಕ್ಷನ್ ಕೊನೆಯಲ್ಲಿ 'ಬ್ರೇಕ್' ಅನ್ನುವ ಸ್ಟ್ರಿಂಗ್ ವಾಪಸ್ ಕೊಟ್ಟರೆ ಈವೆಂಟ್ (ಕೀ ಒತ್ತಿದ ಸುದ್ದಿ) ಮುಂದಕ್ಕೆ ಹೋಗದೆ ಅಲ್ಲೇ ನಿಲ್ಲುತ್ತದೆ. ಅದನ್ನು ಮಾಡಿದೆ, ಸರಿಯೂ ಹೋಯಿತು. ಆದರೆ ಯೋಚಿಸಿದರೆ ಮುಖ್ಯ ವಿಂಡೋಗೆ ಕಟ್ಟಿದ್ದೇ ದಡ್ಡತನ. ಫೋಕಸ್ ಗಿರಾಕಿಯ ಮೊಬೈಲ್ ನಂಬರಿನ ಬಾಕ್ಸ್‌ನಲ್ಲಿದ್ದರೆ ಸ್ಕ್ಯಾನರ್ ಅಂಕಿಗಳೆಲ್ಲ ಅಲ್ಲಿಗೇ ಬೀಳುತ್ತವೆ ಅಲ್ವಾ? ಆ ಬೈಂಡ್ ಕಿತ್ತುಹಾಕಿ, ಪ್ರತಿ ಕೆಲಸ ಮುಗಿದ ಮೇಲೆ ಫೋಕಸ್ ಸ್ಕ್ಯಾನ್ ಬಾಕ್ಸ್‌ಗೇ ವಾಪಸ್ ಬರುವ ಹಾಗೆ ಮಾಡಿದೆ. ಅಳತೆ ಬದಲಾದಾಗ ಬರುವ ಕಾನ್ಫಿಗರ್ ಈವೆಂಟ್ ಕಥೆಯೂ ಇದೇ. ಮುಖ್ಯ ವಿಂಡೋಗೆ ಕಟ್ಟಿದರೆ ಒಳಗಿನ ಪ್ರತಿ ವಿಜೆಟ್ ಅಳತೆ ಬದಲಾದಾಗಲೂ ಓಡುತ್ತದೆ. ಈವೆಂಟ್.ವಿಜೆಟ್ ಯಾರು, ಅಂದರೆ ಸುದ್ದಿ ಯಾವ ವಿಜೆಟ್‌ನದು, ಅಂತ ಮೊದಲು ಕೇಳಬೇಕು.

ಮರುದಿನ ಕ್ಯಾಷ್ ಕೌಂಟರ್ ಹುಡುಗ ಇನ್ನೊಂದು ದೂರು ತಂದ. "ಅಣ್ಣಾ, ಎಂಟರ್ ಕೆಲಸ ಮಾಡಲ್ಲ." ನಾನು ಒತ್ತಿದರೆ ಕೆಲಸ ಮಾಡುತ್ತಿತ್ತು. ಅವನ ಕೈಯನ್ನೇ ನೋಡುತ್ತಾ ನಿಂತೆ. ಅವನು ಒತ್ತುತ್ತಿದ್ದದ್ದು ಬಲಗಡೆ ಅಂಕಿಗಳ ಪಕ್ಕದ ಎಂಟರ್. ವಿಂಡೋಸ್‌ನಲ್ಲಿ ಎರಡೂ 'ರಿಟರ್ನ್' ಅಂತಲೇ ಬರುತ್ತವೆ. ಲಿನಕ್ಸ್‌ನಲ್ಲಿ ಆ ಕೀಗೆ 'ಕೆಪಿ ಎಂಟರ್' ಅನ್ನುವ ಬೇರೆಯೇ ಹೆಸರು. ಈವೆಂಟ್‌ನ ಕೀಸಿಮ್ (ಕೀಯ ಹೆಸರು) ಪ್ರಿಂಟ್ ಮಾಡಿದಾಗ ಒಂದೇ ನಿಮಿಷದಲ್ಲಿ ಸಿಕ್ಕಿತು. ಎರಡಕ್ಕೂ ಬೈಂಡ್ ಮಾಡಿದೆ, ಮುಗಿಯಿತು. ದಿನಕ್ಕೆ ನೂರಾರು ಸಲ ಅಂಕಿ ಒತ್ತುವವನು ಆ ಎಂಟರ್ ಬಿಟ್ಟು ಬೇರೆ ಯಾಕೆ ಒತ್ತುತ್ತಾನೆ?

ಕೊನೆಯದು ಕನ್ನಡ. ಮೇಲ್ಗಡೆ ಅಂಗಡಿಯ ಹೆಸರು ಕನ್ನಡದಲ್ಲಿ ಬರೆದಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿತ್ತು. ಅಂಗಡಿಯಲ್ಲಿ 'ಪುಸ್ತಕ' ಹೋಗಿ 'ಪುಸ್‌ತಕ' ಆಗಿ ಕೂತಿತ್ತು. ತ ಒತ್ತು ಕೆಳಗೆ ಇಳಿಯಲೇ ಇಲ್ಲ. ಫಾಂಟ್ ಬದಲಾಯಿಸಿ ಪ್ರಯೋಜನವಿಲ್ಲ. ಲಿನಕ್ಸ್‌ನಲ್ಲಿ ಟಿಕೆ 8.6 ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆಯೇ ಹೊರತು ಒತ್ತಕ್ಷರ ಕೂಡಿಸುವುದಿಲ್ಲ. ಟಿಕಿಂಟರ್‌ನಂಥದೇ ಇನ್ನೊಂದಾದ ಕ್ಯೂಟಿ, ಅಕ್ಷರ ಜೋಡಿಸುವ ಹಾರ್ಫ್‌ಬಜ್ ಬಳಸುವುದರಿಂದ, ಕೂಡಿಸುತ್ತದೆ. ಇವತ್ತು ಮೊದಲಿನಿಂದ ಬರೆಯುವುದಾದರೆ ನಾನು ಕ್ಯೂಟಿಗೇ ಹೋಗುತ್ತೇನೆ. ಆದರೆ ಜೂನ್ ಬಾಗಿಲಲ್ಲಿತ್ತು. ಪೈಥಾನ್‌ನಲ್ಲಿ ಚಿತ್ರ ಮಾಡಿಕೊಡುವ ಪಿಲ್ಲೋದಲ್ಲಿ, ಒತ್ತಕ್ಷರ ಕೂಡಿಸುವ ರಾಕ್ಮ್ ಲೇಔಟ್ ಹಾಕಿ, ನೋಟೋ ಸಾನ್ಸ್ ಕನ್ನಡ ಫಾಂಟ್‌ನಲ್ಲಿ ಹೆಸರನ್ನು ಚಿತ್ರವಾಗಿ ಬರೆಸಿ ಲೇಬಲ್‌ಗೆ ಅಂಟಿಸಿದೆ. ಲೇಬಲ್ ಖಾಲಿ! ಫಂಕ್ಷನ್ ಮುಗಿದ ಕೂಡಲೇ ಪೈಥಾನ್ ಆ ಚಿತ್ರವನ್ನು ಕಸ ಅಂತ ಗುಡಿಸಿ ಹಾಕಿತ್ತು. ಚಿತ್ರವನ್ನು ಲೇಬಲ್‌ನ ಒಂದು ಆಟ್ರಿಬ್ಯೂಟ್‌ನಲ್ಲಿ ಹಿಡಿದಿಟ್ಟ ಮೇಲೆ ನಿಂತಿತು.

ಮಾವ ಹೆಸರನ್ನು ನೋಡಿ ಖುಷಿಪಟ್ಟರು. "ಇದು ಬಿಲ್ಲಿನ ಮೇಲೂ ಬರಬೇಕಲ್ವಾ?" ಅಂದರು. ಅವರ ಥರ್ಮಲ್ ಪ್ರಿಂಟರಿನಲ್ಲಿ ಕನ್ನಡ ಫಾಂಟೇ ಇಲ್ಲ. ಈಗ ಅದಕ್ಕೂ ಇದೇ ಚಿತ್ರವನ್ನು ಕಪ್ಪು ಬಿಳುಪು ಮಾಡಿ ಕಳಿಸಿ ನೋಡುತ್ತಿದ್ದೇನೆ.