ಗಾಳಿಯನ್ನೂ ಲೆಕ್ಕಕ್ಕೆ ಹಿಡಿದು ಮಾಡಿದ ಪೈಲಟ್ ಸಂಚಿಕೆ

ಪೈಲಟ್ ಸಂಚಿಕೆಯನ್ನು, ಅಂದರೆ ಸರಣಿಯೊಂದರ ಮಾದರಿಯಾಗಿ ಮೊದಲು ಮಾಡಿ ತೋರಿಸುವ ಸಂಚಿಕೆಯನ್ನು, ಪ್ರೇಕ್ಷಕರಿಗಿಂತ ಮೊದಲು ನೋಡುವವರು ಮುಂದಿನ ಸಂಚಿಕೆಗಳಿಗೆ ದುಡ್ಡು ಹಾಕಬೇಕಾದವರು. ಈ ಕಥೆ, ಈ ಪಾತ್ರಗಳು, ಈ ಧಾಟಿ ಒಂದಿಡೀ ಸರಣಿಯ ಉದ್ದಕ್ಕೂ ತಾಳುತ್ತವೆಯೇ ಎಂಬ ಅವರ ಪ್ರಶ್ನೆಗೆ ಅದೊಂದೇ ಉತ್ತರ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್-19 ಅನ್ನು ಜಾಗತಿಕ ಪಿಡುಗು ಎಂದು ಕರೆದಾಗ ನಮ್ಮ ಚಿತ್ರಕಥೆ ಸಿದ್ಧವಾಗಿತ್ತು. ನಾನೇ ನಿರ್ಮಾಪಕಿ, ಮುಖ್ಯ ಪಾತ್ರವೂ ನನ್ನದೇ. ಬೆನ್ನಿಗೆ ಯಾವ ವಾಹಿನಿಯೂ ಸ್ಟುಡಿಯೋವೂ ಇಲ್ಲದ ಸಣ್ಣ ತಂಡ ನಮ್ಮದು. ಕಾಯುವುದೋ ಮಾಡುವುದೋ ಎಂಬ ಚರ್ಚೆ ಹಲವು ವಾರ ನಡೆದು, ಕೊನೆಗೆ ಮಾಡುವುದೆಂದೇ ತೀರ್ಮಾನವಾಯಿತು. ಆದರೆ ಅದಕ್ಕೆ ನಾನೊಂದು ಷರತ್ತು ಹಾಕಿದೆ: ರೋಗದ ಕಾರಣಕ್ಕೆ ಬರುವ ಪ್ರತಿಯೊಂದು ಮಿತಿಯೂ ಚಿತ್ರಕಥೆಯ ಹಾಳೆಯ ಮೇಲೆಯೇ ಬಗೆಹರಿಯಬೇಕು, ಯಾವುದನ್ನೂ ಸೆಟ್ಟಿಗೆ ಹೋದ ಮೇಲೆ ನೋಡಿಕೊಳ್ಳೋಣ ಎಂದು ಬಿಡುವಂತಿಲ್ಲ.

ನನ್ನ ಪಾತ್ರ ವಿಮಾ ಪರಿಹಾರದ ಅರ್ಜಿಗಳಲ್ಲಿ ಸುಳ್ಳೆಷ್ಟು, ನಿಜವೆಷ್ಟು ಎಂದು ತನಿಖೆ ಮಾಡುವ ಹೆಂಗಸಿನದು. ಮೂಲ ಬರವಣಿಗೆಯಲ್ಲಿ ಆಕೆ ತುಂಬಿದ ಮದುವೆ ಮಂಟಪದೊಳಗೆ ನುಗ್ಗಿ ವರನ ಅಣ್ಣನನ್ನು ಪ್ರಶ್ನಿಸುವ ದೃಶ್ಯವೊಂದಿತ್ತು. ಅಷ್ಟು ಜನರನ್ನು ಮುಚ್ಚಿದ ಸಭಾಂಗಣದಲ್ಲಿ ಕೂಡಿಹಾಕುವ ಮಾತೇ ಇರಲಿಲ್ಲವಾದ್ದರಿಂದ, ಲೇಖಕರು ಅದನ್ನು ಮದುವೆ ಮುಗಿದ ಮರುದಿನಕ್ಕೆ ಸರಿಸಿದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿರುವ ಅಣ್ಣ, ಬಾಗಿಲಲ್ಲಿ ನಿಂತು ಕೇಳುವ ತನಿಖೆಗಾರ್ತಿ, ಮತ್ತಾರೂ ಇಲ್ಲ. ಜನಜಂಗುಳಿಯ ನಡುವೆ ಆತ ಮರ್ಯಾದೆಗೆ ಅಂಜಿ ಬಾಯಿಬಿಡುವಂತೆ ಮೊದಲು ಬರೆದಿದ್ದರು. ಈಗ ಅಂಜಲು ಯಾರೂ ಇಲ್ಲದ ಕಾರಣ ಆತ ಸುಳ್ಳನ್ನೇ ನಿರಾಳವಾಗಿ ಹೇಳತೊಡಗಿದ, ಮತ್ತು ಆ ಸುಳ್ಳೇ ಮುಂದಿನ ಸಂಚಿಕೆಗಳಿಗೆ ಎಳೆಯಾಯಿತು. ಇದೇ ರೀತಿ ಕಚೇರಿಯ ದೃಶ್ಯಗಳಲ್ಲಿ ಅರ್ಧದಷ್ಟು ದೂರವಾಣಿ ಸಂಭಾಷಣೆಗಳಾದವು. ಆ ಕಡೆಯ ದನಿಗಳನ್ನು ನಟರು ತಮ್ಮ ತಮ್ಮ ಮನೆಗಳಿಂದಲೇ ಕೊಟ್ಟರು. ಜೋರು ದನಿಯಲ್ಲಿ ಮಾತನಾಡಿದಷ್ಟೂ ಬಾಯಿಂದ ಹೊರಬೀಳುವ ಸೂಕ್ಷ್ಮ ಹನಿಗಳು ಹೆಚ್ಚುತ್ತವೆ ಎಂಬುದು ಪಿಡುಗಿಗೆ ಮುಂಚೆಯೇ ಪ್ರಯೋಗಗಳಲ್ಲಿ ಕಂಡಿದ್ದ ಸಂಗತಿ. ಹಾಗಾಗಿ ಕಿರುಚಾಟದ ಜಗಳವೊಂದನ್ನು ಕೋಣೆಯಿಂದ ತಾರಸಿಗೆ ಸಾಗಿಸಿದೆವು.

ವಿಮಾ ತನಿಖೆಗಾರ್ತಿಯ ಕಥೆ ಮಾಡಹೊರಟ ನಮಗೇ ವಿಮೆ ಸಿಗಲಿಲ್ಲ. 2020ರಲ್ಲಿ ಚಲನಚಿತ್ರ ವಿಮೆಗಳು ಸಾಂಕ್ರಾಮಿಕ ರೋಗದಿಂದಾಗುವ ನಷ್ಟವನ್ನು ಹೊಸ ಪಾಲಿಸಿಗಳಿಂದ ಹೊರಗಿಡತೊಡಗಿದ್ದವು. ದೊಡ್ಡ ಸ್ಟುಡಿಯೋಗಳು ಆ ಹೊರೆಯನ್ನು ತಾವೇ ಹೊರಬಲ್ಲವು, ಸ್ವತಂತ್ರ ನಿರ್ಮಾಪಕರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಅನಿರೀಕ್ಷಿತ ವೆಚ್ಚಕ್ಕೆಂದು ಬಜೆಟ್ಟಿನ ಶೇಕಡಾ 10ರಷ್ಟನ್ನು ಎತ್ತಿಡುವುದು ಈ ವೃತ್ತಿಯ ಹಳೆಯ ರೂಢಿ. ಪರೀಕ್ಷೆ, ಮಾಸ್ಕು, ಹೆಚ್ಚುವರಿ ವಾಹನ, ನಿಂತ ದಿನದ ಸಂಬಳ ಇವೆಲ್ಲವನ್ನೂ ಅದಕ್ಕೆ ಸೇರಿಸದೆ ಬೇರೆಯದೇ ತಲೆಬರಹದಡಿ ಬರೆದುಕೊಂಡೆ, ಏಕೆಂದರೆ ಇವುಗಳಲ್ಲಿ ಅನಿರೀಕ್ಷಿತವಾದದ್ದು ಏನೂ ಇರಲಿಲ್ಲ. ನಿಂತ ದಿನದ ಸಂಬಳದ ಬಗ್ಗೆ ಒಂದು ಮಾತು: ಕಾಯಿಲೆ ಬಿದ್ದರೆ ಕೂಲಿ ಹೋಗುತ್ತದೆ ಎಂದಾದರೆ ಯಾರೂ ಗಂಟಲು ಕೆರೆಯುತ್ತಿದೆ ಎಂದು ಬಾಯಿಬಿಡುವುದಿಲ್ಲ. ರೋಗಲಕ್ಷಣ ಹೇಳಿ ಮನೆಯಲ್ಲಿ ಉಳಿದವರಿಗೂ ಆ ದಿನದ ಹಣ ಸಲ್ಲುತ್ತದೆ ಎಂದು ಕರಾರಿನಲ್ಲಿಯೇ ಬರೆದು ಕೊಟ್ಟೆವು. ಥರ್ಮಾಮೀಟರ್ ಹಿಡಿದು ಬಾಗಿಲಲ್ಲಿ ನಿಲ್ಲುವುದಕ್ಕಿಂತ ಈ ಒಂದು ಸಾಲು ಹೆಚ್ಚು ಕೆಲಸ ಮಾಡಿತೆಂದು ನಾನು ನಂಬಿದ್ದೇನೆ.

ಶೆಡ್ಯೂಲನ್ನು ಹಾಕುವಾಗ ಸಾಮಾನ್ಯವಾಗಿ ಸ್ಥಳ ಮತ್ತು ಬೆಳಕನ್ನು ನೋಡುತ್ತೇವೆ. ನಾವು ಮೊದಲು ನೋಡಿದ್ದು, ಯಾರಾದರೊಬ್ಬರು ಎರಡು ವಾರ ಇಲ್ಲವಾದರೆ ಉಳಿದವರಿಂದ ಏನು ಮಾಡಲು ಸಾಧ್ಯ ಎಂಬುದನ್ನು. ಹೆಚ್ಚು ನಟರಿರುವ ದೃಶ್ಯಗಳು ಮೊದಲ ದಿನಗಳಿಗೆ ಬಂದವು. ನಾನೊಬ್ಬಳೇ ಇರುವ ದೃಶ್ಯಗಳು, ಕಡತ ತಿರುವುವ ಕೈ, ಮೇಜಿನ ಮೇಲಿನ ಫೋನು, ಖಾಲಿ ಮೊಗಸಾಲೆಯಂಥ ಬಿಡಿ ಶಾಟುಗಳು ಕೊನೆಗೆ ಉಳಿದವು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ 5 ದಿನ, ಕೆಲವೊಮ್ಮೆ 14 ದಿನಗಳವರೆಗೂ ಬೇಕಾಗುತ್ತದೆ ಎಂಬ ಆಗಿನ ತಿಳಿವಳಿಕೆಯ ಪ್ರಕಾರ, ನಿನ್ನೆ ಸೋಂಕು ತಗುಲಿದವರಿಗೆ ಇಂದಿನ ಆರ್‌ಟಿ-ಪಿಸಿಆರ್ ಪರೀಕ್ಷೆ ಏನನ್ನೂ ಹೇಳಲಾರದು. ಆದ್ದರಿಂದ ಪರೀಕ್ಷೆಯ ಚೀಟಿಯೊಂದನ್ನೇ ನೆಚ್ಚದೆ, ಮಾಸ್ಕ್ ತೆಗೆಯಲೇಬೇಕಾದ ನಟರೂ ಅವರ ಬಳಿ ಕೆಲಸ ಮಾಡುವವರೂ ಚಿತ್ರೀಕರಣಕ್ಕೆ ಮುಂಚಿನ ದಿನಗಳಲ್ಲಿ ಹೊರಗಿನ ಒಡನಾಟ ಬಿಟ್ಟಿರಬೇಕೆಂದು ಕೇಳಿಕೊಂಡೆವು. ಅಮೆರಿಕದ ನಿರ್ದೇಶಕರ, ನಟರ ಹಾಗೂ ತಂತ್ರಜ್ಞರ ಸಂಘಗಳು 2020ರ ಜೂನ್‌ನಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿ ನಮಗೆ ಈ ವಿಷಯದಲ್ಲಿ ನೆರವಾಯಿತು. ಅದರ ಪ್ರಕಾರ ಸೆಟ್ಟನ್ನು ವಲಯಗಳಾಗಿ ವಿಂಗಡಿಸಬೇಕು, ನಟರಿರುವ ಒಳವಲಯದವರಿಗೆ ಹೆಚ್ಚು ಬಾರಿ ಪರೀಕ್ಷೆಯಾಗಬೇಕು, ಕೆಲಸದ ದಿನ 10 ಗಂಟೆ ಮೀರಬಾರದು. ಅವರಷ್ಟು ಪರೀಕ್ಷೆ ಮಾಡಿಸುವ ಹಣ ನಮ್ಮಲ್ಲಿರಲಿಲ್ಲ. ವಲಯಗಳನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿದೆವು: ಕಲಾ ವಿಭಾಗದವರು ಕೋಣೆ ಸಜ್ಜುಗೊಳಿಸಿ ಹೊರಬಂದು, ಗಾಳಿ ಬದಲಾದ ಮೇಲೆ ಬೆಳಕಿನವರು, ಅವರು ಹೊರಬಂದ ಮೇಲೆ ನಟರು.

ಈ ಗಾಳಿಯ ವಿಷಯವನ್ನು ಕೊಂಚ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕೆಲಸದಲ್ಲಿ ಅತ್ಯಂತ ಕಠಿಣವಾದದ್ದು ಇದೇ. ನಾವು ಮಾಡುತ್ತಿದ್ದದ್ದು ಸಿಂಕ್ ಸೌಂಡ್, ಅಂದರೆ ಸಂಭಾಷಣೆಯನ್ನು ಸ್ಥಳದಲ್ಲಿಯೇ ಧ್ವನಿಮುದ್ರಿಸಿಕೊಳ್ಳುವ ಪದ್ಧತಿ. ಶಬ್ದಗ್ರಾಹಕರಿಗೆ ಕಿಟಕಿ ಮುಚ್ಚಿರಬೇಕು, ಫ್ಯಾನು ನಿಂತಿರಬೇಕು, ಏಸಿ ಬಂದಾಗಿರಬೇಕು. ಉಸಿರಿನ ಮೂಲಕ ಹರಡುವ ರೋಗದ ಎದುರಿಗಾದರೆ ಕಿಟಕಿ ತೆರೆದಿರಬೇಕು, ಫ್ಯಾನು ತಿರುಗುತ್ತಿರಬೇಕು. ಇವೆರಡರ ನಡುವೆ ರಾಜಿಯಾಗುವ ಬಿಂದುವನ್ನು ಕಣ್ಣಂದಾಜಿನಲ್ಲಿ ಹುಡುಕುವುದು ಸಾಧ್ಯವಿಲ್ಲವಾದ್ದರಿಂದ, ಇಂಗಾಲದ ಡೈ ಆಕ್ಸೈಡ್ ಅಳೆಯುವ ಸಣ್ಣ ಮೀಟರೊಂದನ್ನು ಕ್ಯಾಮೆರಾದ ಪಕ್ಕದಲ್ಲಿಟ್ಟೆವು. ಹೊರಗಿನ ಗಾಳಿಯಲ್ಲಿ ಅದರ ಪ್ರಮಾಣ ಸುಮಾರು 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 420 ಭಾಗ. ಮನುಷ್ಯ ಹೊರಬಿಡುವ ಉಸಿರಿನಲ್ಲಿ 40,000ದ ಆಸುಪಾಸು. ಕೋಣೆಯಲ್ಲಿ ಅಂಕಿ ಏರುತ್ತಿದೆ ಎಂದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದೇ ಅರ್ಥ. 800 ತಲುಪಿದ ಕೂಡಲೇ ಟೇಕ್ ಯಾವ ಹಂತದಲ್ಲಿದ್ದರೂ ಕತ್ತರಿಸಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಹೋಗಬೇಕೆಂದು ನಿಯಮ ಮಾಡಿದೆವು. ಅದರ ಫಲವಾಗಿ ದೃಶ್ಯಗಳು ಚಿಕ್ಕ ತುಂಡುಗಳಾದವು. ಇಡೀ ದೃಶ್ಯವನ್ನು ಒಂದೇ ಉಸಿರಿಗೆ ಆಡಿ ಮುಗಿಸುವ ಸುಖವನ್ನು ಬಿಟ್ಟು, ಸಂಭಾಷಣೆ ಎಲ್ಲಿ ತಿರುಗುತ್ತದೋ ಅಲ್ಲಿ ಕತ್ತರಿಸಲು ನಿರ್ದೇಶಕರು ಮೊದಲೇ ಗುರುತು ಹಾಕಿಕೊಂಡರು. ಹೊರಹೋದ ಸಮಯ ವ್ಯರ್ಥವಾಗದಂತೆ ಮುಂದಿನ ತುಂಡಿನ ತಾಲೀಮು ಅಂಗಳದಲ್ಲಿ ನಡೆಯುತ್ತಿತ್ತು.

ಆ 800ರ ಗೆರೆಯನ್ನು ಕಾಯುವ ಅಧಿಕಾರ ನನ್ನ ಕೈಯಲ್ಲಿರಬಾರದೆಂದು ನಾನೇ ಪಟ್ಟು ಹಿಡಿದೆ. ನಿರ್ಮಾಪಕಿಗೆ ದಿನ ಮುಗಿಸುವ ಆತುರವಿರುತ್ತದೆ, ನಟಿಗೆ ಇನ್ನೊಂದು ಟೇಕಿನ ಆಸೆಯಿರುತ್ತದೆ. ಈ ಎರಡೂ ಒಂದೇ ಮೈಯಲ್ಲಿ ಸೇರಿದಾಗ ಎಚ್ಚರಿಕೆಯ ಪರವಾಗಿ ಮಾತನಾಡುವವರೇ ಇಲ್ಲದಾಗುತ್ತಾರೆ. ಚಿತ್ರೀಕರಣ ನಿಲ್ಲಿಸುವ ಅಧಿಕಾರವನ್ನು ಸಹಾಯಕ ನಿರ್ದೇಶಕಿಗೆ ಬರವಣಿಗೆಯಲ್ಲಿ ಕೊಟ್ಟೆವು, ನನ್ನ ಒಪ್ಪಿಗೆ ಕೇಳಬೇಕಿಲ್ಲ ಎಂಬ ಮಾತನ್ನೂ ಸೇರಿಸಿ. ಅವರು ವಯಸ್ಸಿನಲ್ಲಿ ತಂಡದ ಎಲ್ಲರಿಗಿಂತ ಕಿರಿಯರು. “ಮೇಡಂ, ಸಾಕು, ಹೊರಗೆ ನಡೀರಿ” ಎಂದು ಮೊದಲ ಸಲ ಹೇಳುವಾಗ ದನಿ ಅಳುಕಿತ್ತು, ಆಮೇಲೆ ಅಳುಕಲಿಲ್ಲ.

ನಟನೆಯ ಕಡೆಗೆ ಬಂದರೆ, ತಾಲೀಮಿನಿಂದಲೇ ತೊಡಕು ಶುರುವಾಯಿತು. ವಿಡಿಯೋ ಕರೆಯಲ್ಲಿ ಮಾತು ಅರೆಗಳಿಗೆ ತಡವಾಗಿ ತಲುಪುತ್ತದೆ, ಇಬ್ಬರು ಒಟ್ಟಿಗೆ ಮಾತನಾಡಿದರೆ ತಂತ್ರಾಂಶವು ಒಬ್ಬರ ದನಿಯನ್ನು ಅದುಮುತ್ತದೆ. ಆದ್ದರಿಂದ ಅಲ್ಲಿ ಕೂಡಿಸಿದ ಲಯವೆಲ್ಲ ಸುಳ್ಳು ಲಯ. ಕರೆಗಳನ್ನು ಮಾತಿನ ಅರ್ಥ ಚರ್ಚಿಸುವುದಕ್ಕಷ್ಟೇ ಬಳಸಿ, ಲಯವನ್ನು ಬಯಲಿನಲ್ಲಿ ದೂರ ದೂರ ನಿಂತು ಹುಡುಕಿದೆವು. ಮಾಸ್ಕ್ ಹಾಕಿಕೊಂಡು ತಾಲೀಮು ಮಾಡಿದಾಗ ಹುಬ್ಬು ಮತ್ತು ದನಿ ಎರಡೂ ಅಗತ್ಯಕ್ಕಿಂತ ಹೆಚ್ಚು ದುಡಿಯುತ್ತವೆ. ಕ್ಯಾಮೆರಾ ಮುಂದೆ ಅವನ್ನು ಮತ್ತೆ ಇಳಿಸಿಕೊಳ್ಳುವುದೇ ಒಂದು ಕೆಲಸ.

ಕ್ಲೋಸಪ್ ತೆಗೆಯುವಾಗ ಚೌಕಟ್ಟಿನಾಚೆ ನಿಂತು ಮಾತು ಕೊಡುವ ಎದುರು ನಟರು ಎನ್95 ತೆಗೆಯಬಾರದೆಂಬುದು ನಮ್ಮ ನಿಯಮವಾಗಿತ್ತು. ನನಗೆ ಕಾಣುತ್ತಿದ್ದದ್ದು ಅವರ ಕಣ್ಣು ಮಾತ್ರ. ಎದುರಿನವರ ತುಟಿ ಮುಚ್ಚುವುದನ್ನು ಕಂಡು ನಾವು ನಮ್ಮ ಮಾತನ್ನು ಎತ್ತಿಕೊಳ್ಳುತ್ತೇವೆ ಎಂಬುದು ಅದು ಕಾಣದಂತಾದಾಗಲಷ್ಟೇ ನನಗೆ ಗೊತ್ತಾಯಿತು. ವಾಕ್ಯ ಮುಗಿಯಿತೆಂದು ಖಾತ್ರಿಯಾಗುವವರೆಗೆ ಕಾಯುತ್ತಿದ್ದೆ, ಪ್ರತಿಕ್ರಿಯೆ ಒಂದು ಕ್ಷಣ ಹಿಂದೆ ಬೀಳುತ್ತಿತ್ತು. ಸಂಕಲನದಲ್ಲಿ ಅದನ್ನು ಬಿಗಿಗೊಳಿಸಬಹುದಿತ್ತು. ಆದರೆ ಪ್ರತಿ ಉತ್ತರವನ್ನೂ ತೂಗಿ ನೋಡುವ ತನಿಖೆಗಾರ್ತಿಗೆ ಆ ವಿಳಂಬ ಒಪ್ಪುತ್ತದೆ ಎಂದು ನಿರ್ದೇಶಕರು ಅದನ್ನು ಪಾತ್ರದ ನಡವಳಿಕೆಯನ್ನಾಗಿಯೇ ಉಳಿಸಿದರು. ಹಾಸ್ಯ ಧಾರಾವಾಹಿಯಾಗಿದ್ದರೆ ಇದೇ ವಿಳಂಬ ಸಂಚಿಕೆಯನ್ನು ಕೊಲ್ಲುತ್ತಿತ್ತು.

ಇಬ್ಬರೂ ಒಂದೇ ಚೌಕಟ್ಟಿನಲ್ಲಿರುವಾಗ ಅಂತರ ಮರೆಮಾಚುವುದು ಛಾಯಾಗ್ರಾಹಕರ ಪಾಲಿಗೆ ಬಂತು. ಕ್ಯಾಮೆರಾವನ್ನು ದೂರ ಇಟ್ಟು 85 ಎಂಎಂ ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಹಾಕಿದರೆ, ಹಿಂದೆ ಮುಂದೆ ನಿಂತವರ ನಡುವಿನ ಜಾಗ ಕುಗ್ಗಿದಂತೆ ತೋರುತ್ತದೆ. ಪಕ್ಕ ಪಕ್ಕ ನಿಂತವರಿಗೆ ಈ ಉಪಾಯ ನಡೆಯದು. ಹಾಗಾಗಿ ನಮ್ಮ ಸಂಚಿಕೆಯಲ್ಲಿ ಒಬ್ಬರ ಭುಜದ ಹಿಂದೆ ಇನ್ನೊಬ್ಬರು ಕಾಣುವ ಶಾಟುಗಳೇ ಹೆಚ್ಚು, ಪಾತ್ರಗಳು ಮುಖಾಮುಖಿ ಕೂರುವ ಶಾಟು ಕಡಿಮೆ. ಎರಡು ಮೀಟರ್ ದೂರವಿದ್ದ ಮಾತ್ರಕ್ಕೆ ಮುಚ್ಚಿದ ಕೋಣೆಯಲ್ಲಿ ಸುರಕ್ಷಿತರಾಗುವುದಿಲ್ಲ ಎಂಬುದನ್ನು ಮಾತ್ರ ಲೆನ್ಸು ಮರೆಸಬಾರದು. ಮೇಕಪ್ ಮತ್ತು ಬಟ್ಟೆಗೆ ಸಿಕ್ಕಿಸುವ ಸಣ್ಣ ಲೇಪಲ್ ಮೈಕನ್ನು ನಾವೇ ಹಚ್ಚಿಕೊಳ್ಳಲು, ಸಿಕ್ಕಿಸಿಕೊಳ್ಳಲು ಕಲಿತೆವು. ಮಾಸ್ಕ್ ಉಜ್ಜಿ ಮೂಗಿನ ಮೇಲಿನ ಬಣ್ಣ ಅಳಿದು ಹೋಗುತ್ತಿದ್ದದ್ದಕ್ಕೆ ಟೇಕಿಗೆ ಮುಂಚೆ ಒತ್ತಿಕೊಳ್ಳುವ ಪೌಡರ್ ಬಿಟ್ಟು ಬೇರೆ ಪರಿಹಾರ ಸಿಗಲಿಲ್ಲ.

ಸಂಕಲನ ದೂರದಿಂದಲೇ ನಡೆಯಿತು. ಕಿಟಕಿ ತೆರೆದು ಮುಚ್ಚಿದಾಗಲೆಲ್ಲ ಹಿನ್ನೆಲೆಯ ಸದ್ದು ಬದಲಾಗಿದ್ದರಿಂದ, ಪ್ರತಿ ತುಂಡಿನ ಜೊತೆಗೂ ಶಬ್ದಗ್ರಾಹಕರು ಮುದ್ರಿಸಿಟ್ಟುಕೊಂಡಿದ್ದ ಕೋಣೆಯ ಮೌನ (ಯಾರೂ ಮಾತನಾಡದಿರುವಾಗ ಕೋಣೆಯಲ್ಲಿರುವ ಸದ್ದು) ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಧ್ವನಿ ಕೆಟ್ಟಿದ್ದ ಸಾಲುಗಳನ್ನು ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಅದರೊಳಗೆ ಮುಖವಿಟ್ಟು ಮನೆಯಲ್ಲಿಯೇ ಡಬ್ ಮಾಡಿದೆ. ಸಂಚಿಕೆಯನ್ನು ನೋಡಿದವರಲ್ಲಿ ಒಬ್ಬರು, ಉಳಿದ ಸಂಚಿಕೆಗಳೂ ಇಷ್ಟೇ ನಿರ್ಜನವಾಗಿರುತ್ತವೆಯೇ ಎಂದು ಕೇಳಿದರು. ಇರುವುದಿಲ್ಲ ಎಂದು ಹೇಳಿ, ಮದುವೆ ಮಂಟಪದ ಹಳೆಯ ದೃಶ್ಯವನ್ನು ಐದನೆಯ ಸಂಚಿಕೆಯ ಸಾರಾಂಶಕ್ಕೆ ಸೇರಿಸಿ ಕಳುಹಿಸಿದೆವು.