ಹೊಸ ಬಟ್ಟೆಯ ದುಆ: ‘ಅಂತ’ ಬಂದಲ್ಲಿ ನಿಲ್ಲಬೇಡಿ

ಈದ್ ಬೆಳಗ್ಗೆ ನಮ್ಮ ಮನೆಯಲ್ಲಿ ಇದು ತಪ್ಪಿದ್ದೇ ಇಲ್ಲ. ಈದ್ಗಾಕ್ಕೆ ಹೊರಡಲು ಹತ್ತು ನಿಮಿಷ ಇರುವಾಗ ಯಾರೋ ಒಬ್ಬರು ಜುಬ್ಬಾದೊಳಗೆ ತಲೆ ತೂರಿಸಿಕೊಂಡೇ, ‘ಆ ದುಆ ಹೇಗೆ ಶುರು?’ ಅಂತ ಕೂಗುತ್ತಾರೆ. ಹೊಸ ಬಟ್ಟೆ ಹಾಕುವಾಗ ಹೇಳುವ ಈ ಪ್ರಾರ್ಥನೆಯನ್ನು ಹಿಂದಿನ ರಾತ್ರಿಯೇ ಕಲಿಯಿರಿ. ಎರಡು ಸಾಲು, ಅಷ್ಟೇ.

ಮೊದಲು ಗುಂಡುಸೂಜಿ, ರಟ್ಟು, ಬೆಲೆ ಚೀಟಿ ತೆಗೆಯಿರಿ. ಕಾಲರ್ ಹಿಂದೆ ಒಂದು ಸೂಜಿ ಉಳಿದೇ ಇರುತ್ತದೆ, ನೋಡಿ. ಗಂಡಸರಿಗೆ ಅಪ್ಪಟ ರೇಷ್ಮೆ ನಿಷಿದ್ಧ, ಅದನ್ನು ಅಂಗಡಿಯಲ್ಲೇ ಕೇಳಿಕೊಳ್ಳಬೇಕು.

ಬಚ್ಚಲಲ್ಲಿ ಬಟ್ಟೆ ಬದಲಿಸುವವರು ಅಲ್ಲೇ ದುಆ ಹೇಳಬೇಡಿ. ಕೋಣೆಗೆ ಬನ್ನಿ. ಬಲಗೈ ಮೊದಲು ತೋಳಿಗೆ, ಆಮೇಲೆ ಎಡ. ಹಾಗೇ ಬಟ್ಟೆಯ ಹೆಸರು ಹೇಳಿ. ಪ್ರವಾದಿಯವರ ಒಡನಾಡಿ ಅಬೂ ಸಈದ್ ಅಲ್ ಖುದ್ರಿ ಅವರ ವರದಿಯಲ್ಲಿ, ಪ್ರವಾದಿಯವರು ಮುಂಡಾಸು, ಅಂಗಿ, ಹೊದಿಕೆ ಅಂತ ಹೆಸರಿಸಿ ಆಮೇಲೆ ದುಆ ಹೇಳುತ್ತಿದ್ದರು. ಜುಬ್ಬಾ ಆದರೆ ಜುಬ್ಬಾ, ಚೂಡಿದಾರ್ ಆದರೆ ಚೂಡಿದಾರ್.

ಈಗ ಎಲ್ಲರೂ ಎಡವುವ ಜಾಗ:

‘ಅಲ್ಲಾಹುಮ್ಮ ಲಕಲ್ ಹಮ್ದು, ಅನ್ತ ಕಸೌತನೀಹಿ, ಅಸ್‌ಅಲುಕ ಮಿನ್ ಖೈರಿಹೀ ವ ಖೈರಿ ಮಾ ಸುನಿಅ ಲಹು, ವ ಅಊದು ಬಿಕ ಮಿನ್ ಶರ್ರಿಹೀ ವ ಶರ್ರಿ ಮಾ ಸುನಿಅ ಲಹು.’

ಕನ್ನಡ ಲಿಪಿಯ ಕಿರುಪುಸ್ತಕಗಳಲ್ಲಿ ಆ ‘ಅನ್ತ’ವನ್ನು ‘ಅಂತ’ ಅಂತ ಅಚ್ಚು ಹಾಕಿರುತ್ತಾರೆ. ನಮ್ಮ ಕಣ್ಣಿಗೆ ಅದು ಕನ್ನಡದ ‘ಅಂತ’! ‘ಲಕಲ್ ಹಮ್ದು ಅಂತ’ ಎಂದು ಓದಿ, ಯಾರೋ ಹೇಳಿದ ಮಾತನ್ನು ಒಪ್ಪಿಸಿದ ಹಾಗೆ ಅಲ್ಲಿ ನಿಲ್ಲಿಸುತ್ತಾರೆ. ಅರಬಿಯಲ್ಲಿ ಅನ್ತ ಅಂದರೆ ‘ನೀನು’. ಅದು ಮುಂದಿನ ಮಾತಿಗೆ ಸೇರಬೇಕು: ಹೊಗಳಿಕೆಯೆಲ್ಲ ನಿನಗೆ, ಇದನ್ನು ನನಗೆ ಉಡಿಸಿದವನು ನೀನು. ಉಸಿರು ತೆಗೆಯುವುದಿದ್ದರೆ ‘ಹಮ್ದು’ ಆದ ಮೇಲೆ ತೆಗೆಯಿರಿ. ಪೆನ್ಸಿಲ್‌ನಲ್ಲಿ ಅಲ್ಲೊಂದು ಗೀಟು ಹಾಕಿಕೊಳ್ಳಿ.

ಹಮ್ದಿನ ‘ಹ’ ನಮ್ಮ ಹಬ್ಬದ ‘ಹ’ ಅಲ್ಲ. ಕನ್ನಡಕದ ಗಾಜು ಒರೆಸುವ ಮೊದಲು ‘ಹಾ’ ಅಂತ ಉಸಿರು ಬಿಡುತ್ತೇವಲ್ಲ, ಗಂಟಲಿನಿಂದ, ಅದು. ‘ಸುನಿಅ’ವನ್ನು ‘ಸುನಿಯ’ ಮಾಡಬೇಡಿ.

ಇನ್ನೊಂದು ಗಲಿಬಿಲಿ. ದಿನನಿತ್ಯ ಬಟ್ಟೆ ಹಾಕುವಾಗಲೂ ಒಂದು ದುಆ ಇದೆ, ‘ಅಲ್‌ಹಮ್ದು ಲಿಲ್ಲಾಹಿಲ್ಲದೀ ಕಸಾನೀ’ ಅಂತ ಶುರುವಾಗುವುದು. ಅದರಲ್ಲಿ ‘ಮಿನ್ ಗೈರಿ’ ಬರುತ್ತದೆ, ಇದರಲ್ಲಿ ‘ಮಿನ್ ಖೈರಿ’. ಒಂದೇ ವಾರದಲ್ಲಿ ಎರಡನ್ನೂ ಕಲಿತ ಮಕ್ಕಳು ಅದಲುಬದಲು ಮಾಡುತ್ತಾರೆ. ಖೈರ್ ಅಂದರೆ ಒಳಿತು. ಅಲ್ಲಿನ ಗೈರ್ ಅಂದರೆ ‘ಇಲ್ಲದೆ’: ನನ್ನ ಯಾವ ಬಲವೂ ಇಲ್ಲದೆ ಇದು ನನಗೆ ಸಿಕ್ಕಿತು ಎಂಬ ಅರ್ಥ. ಹೊಸ ಬಟ್ಟೆಯಲ್ಲಿ ಕೇಳುವುದು ಬಟ್ಟೆಯ ಒಳಿತನ್ನು, ಅದನ್ನು ಯಾವುದಕ್ಕಾಗಿ ಮಾಡಿದ್ದಾರೋ ಅದರ ಒಳಿತನ್ನು. ಎರಡರ ಕೆಡುಕಿನಿಂದ ರಕ್ಷಣೆಯನ್ನು. ಅದಕ್ಕೇ ನಾನು ಹೇಳೋದು, ಮೊದಲು ಒಂದನ್ನು ಪೂರ್ತಿ ಕಲಿಯಿರಿ, ಇನ್ನೊಂದು ಮುಂದಿನ ತಿಂಗಳಿಗಿರಲಿ.

ಬೀರುವಿಗೆ ಅಂಟಿಸುವ ಹೊಳೆಯುವ ಸ್ಟಿಕ್ಕರ್ ಕೊಳ್ಳಬೇಡಿ. ನಾನು ತಂದದ್ದರಲ್ಲಿ ಒಂದು ‘ಶರ್ರಿ’ಯೇ ಬಿಟ್ಟುಹೋಗಿತ್ತು, ಕಿತ್ತರೆ ಬಣ್ಣವೂ ಕಿತ್ತುಬಂತು. ಗೊತ್ತಿರುವವರ ಬಾಯಲ್ಲಿ ನಾಲ್ಕು ಸಲ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅರಬಿ ನಾಲಿಗೆಗೆ ಹತ್ತುವ ತನಕ ಸುಮ್ನೆ ಇರಬೇಡಿ, ಅರ್ಥವನ್ನೇ ನಿಮ್ಮ ಭಾಷೆಯಲ್ಲಿ ಹೇಳಿಕೊಳ್ಳಿ.

ಹೊಸ ಬಟ್ಟೆ ಹಾಕಿದವರನ್ನು ಕಂಡವರಿಗೂ ಒಂದು ಮಾತಿದೆ, ಅದನ್ನು ನಾವು ಮರೆತೇಬಿಟ್ಟಿದ್ದೇವೆ. ‘ತುಬ್ಲೀ ವ ಯುಖ್ಲಿಫುಲ್ಲಾಹು ತಆಲಾ’: ಇದು ಸವೆಯುವ ತನಕ ಹಾಕು, ಅಲ್ಲಾಹ ಇನ್ನೊಂದು ಕೊಡಲಿ. ‘ಎಷ್ಟು ಕೊಟ್ರಿ?’ ಅಂತ ಕೇಳುವ ಮೊದಲು ಇದನ್ನು ಹೇಳಿ. ಪ್ರವಾದಿಯವರ ನಡೆನುಡಿಗಳನ್ನು ಕೂಡಿಸಿಟ್ಟ ಬುಖಾರಿ ಗ್ರಂಥದಲ್ಲಿ ಉಮ್ಮು ಖಾಲಿದ್ ಎಂಬ ಪುಟ್ಟ ಹುಡುಗಿಯ ಕತೆ ಇದೆ. ಅವಳನ್ನು ಎತ್ತಿಕೊಂಡು ಬಂದಾಗ ಪ್ರವಾದಿಯವರು ಕುಸುರಿಯಿದ್ದ ಕಪ್ಪು ಬಟ್ಟೆಯನ್ನು ತಮ್ಮ ಕೈಯಾರೆ ಅವಳಿಗೆ ಹೊದಿಸಿ, ಹಳೆಯದಾಗುವ ತನಕ ಉಡು ಅಂದರು. ಆಮೇಲೆ ಅದರ ಕುಸುರಿ ತೋರಿಸಿ, ಅವಳಿಗೆ ಗೊತ್ತಿದ್ದ ಅಬಿಸೀನಿಯಾದ ಮಾತಿನಲ್ಲೇ ‘ಸನಾಹ್’ ಅಂದರು, ಚೆನ್ನಾಗಿದೆ ಅಂತ. ನಾವೋ, ಹಬ್ಬ ಮುಗಿದ ಸಂಜೆಯೇ ಮಗುವಿನ ಫ್ರಾಕ್ ಮಡಚಿ ಬೀರುವಿಗೆ ಹಾಕುತ್ತೇವೆ. ಮುಂದಿನ ಮದುವೆಗೆ ತೆಗೆದರೆ ತೋಳು ಏರುವುದಿಲ್ಲ.

ಬಟ್ಟೆ ತೆಗೆಯುವಾಗ ಬಿಸ್ಮಿಲ್ಲಾ. ಅದನ್ನು ಯಾರೂ ತಪ್ಪು ಹೇಳಿದ್ದು ನಾನು ಕೇಳಿಲ್ಲ.